ಬಿಟ್ಟು ಹೋದವರು ಬೆಲೆ ಕಟ್ಟುವವರಲ್ಲ

ಊರಲ್ಲಿ ಒಂದು ಸಾವಾದರೆ ಆ ಮನೆ ಮುಂದೆ ಜನ ಸೇರುತ್ತಾರೆ. ಪಕ್ಕದ ಮನೆಯಿಂದ ಅಡುಗೆ ಬರುತ್ತದೆ. ತಿಥಿ ಮುಗಿಯುವ ತನಕ ಯಾರಾದರೊಬ್ಬರು ಬಂದು ಕೂತು, ಮಾತಾಡಿಸಿ, ಎದ್ದು ಹೋಗುತ್ತಿರುತ್ತಾರೆ. ಅಳುವವರಿಗೆ ಅಳಲು ಜಾಗವಿದೆ, ಎಷ್ಟು ದಿನ ಎಂಬ ಲೆಕ್ಕವೂ ಇದೆ. ಪ್ರೀತಿ ಮುರಿದವರ ಮನೆಗೆ ಮಾತ್ರ ಯಾರೂ ಬರುವುದಿಲ್ಲ. ಬರುವುದಾದರೂ ಹೇಗೆ? ಅಲ್ಲೊಂದು ಪ್ರೀತಿ ಇತ್ತೆಂಬುದೇ ಮನೆಯವರಿಗೆ ಗೊತ್ತಿರುವುದಿಲ್ಲ.

ನಮ್ಮ ಬಹಳಷ್ಟು ಮನೆಗಳಲ್ಲಿ ಪ್ರೀತಿ ಇಂದಿಗೂ ಗುಟ್ಟಿನ ಸಂಗತಿ. ಹಾಗಾಗಿ ಅದು ಮುರಿದಾಗಿನ ದುಃಖವೂ ಗುಟ್ಟಾಗಿಯೇ ಉಳಿಯುತ್ತದೆ. ಬೆಂಗಳೂರಿನ ಪಿಜಿಯಲ್ಲಿದ್ದುಕೊಂಡು ಕೆಲಸಕ್ಕೆ ಹೋಗುವ ಹುಡುಗಿ ಗೌರಿ ಹಬ್ಬಕ್ಕೆ ಊರಿಗೆ ಬಂದರೆ ಅಮ್ಮ ಕೇಳುತ್ತಾಳೆ, ‘ಯಾಕೇ ಇಷ್ಟು ಸೊರಗಿದ್ದೀಯಾ?’ ‘ಆಫೀಸಲ್ಲಿ ಕೆಲಸ ಜಾಸ್ತಿ ಅಮ್ಮ.’ ಮಾತು ಅಲ್ಲಿಗೆ ಮುಗಿಯಿತು. ಹಗಲೆಲ್ಲ ಅವಳು ಹೋಳಿಗೆ ತಟ್ಟುತ್ತಾಳೆ, ಬಂದ ನೆಂಟರಿಗೆ ಕಾಫಿ ಕೊಡುತ್ತಾಳೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹೊದಿಕೆಯೊಳಗೆ ಫೋನಿನ ಬೆಳಕು. ಅವನ ವಾಟ್ಸ್ಆ್ಯಪ್ ಡಿಪಿ ಬದಲಾಯಿತೇ, ಕೊನೆಯ ಸಲ ಆನ್‌ಲೈನ್‌ಗೆ ಬಂದದ್ದು ಎಷ್ಟು ಹೊತ್ತಿಗೆ, ಇನ್‌ಸ್ಟಾಗ್ರಾಂ ಸ್ಟೋರಿಯಲ್ಲಿ ಅವನ ಪಕ್ಕ ನಿಂತವಳು ಯಾರು? ಈ ಎಲ್ಲ ಹುಡುಕಾಟದ ಕೆಳಗೆ ಇರುವುದು ಒಂದೇ ಪ್ರಶ್ನೆ: ‘ನನ್ನಲ್ಲೇನು ಕಮ್ಮಿ ಇತ್ತು?’

ಆ ಪ್ರಶ್ನೆಯೇ ತಪ್ಪು. ಅದನ್ನು ಕೇಳಿಕೊಂಡ ಕ್ಷಣದಲ್ಲೇ, ಬಿಟ್ಟು ಹೋದವರ ಕೈಗೆ ತಕ್ಕಡಿ ಕೊಟ್ಟಂತಾಗುತ್ತದೆ. ಒಬ್ಬರು ಸಂಬಂಧದಿಂದ ಹೊರನಡೆದರೆ ಅದರಿಂದ ತಿಳಿಯುವುದು ಅವರಿಗೆ ಆ ಸಂಬಂಧ ಬೇಡವಾಯಿತು ಎನ್ನುವುದಷ್ಟೇ. ಅದಕ್ಕೆ ಅವರ ಭಯ ಕಾರಣವಿರಬಹುದು. ಅವರ ಮನೆಯ ಜಾತಿ ಲೆಕ್ಕವಿರಬಹುದು, ಇನ್ನೊಬ್ಬರ ಮೇಲಿನ ಆಸೆ ಇರಬಹುದು, ಇಬ್ಬರ ಸ್ವಭಾವವೇ ಕೂಡದೆ ಹೋಗಿರಬಹುದು. ಉಳಿದವರ ಯೋಗ್ಯತೆಗೆ ಅದು ಅಂಕಪಟ್ಟಿಯಾಗುವುದಿಲ್ಲ. ಇದು ಬುದ್ಧಿಗೆ ಸುಲಭವಾಗಿ ಹೊಳೆಯುತ್ತದೆ, ಮನಸ್ಸಿಗೆ ಇಳಿಯುವುದು ಮಾತ್ರ ಕಷ್ಟ. ಯಾಕೆ ಕಷ್ಟ ಎಂಬುದಕ್ಕೆ ವಿಜ್ಞಾನದ ಬಳಿ ಒಂದಿಷ್ಟು ಉತ್ತರಗಳಿವೆ.

ಅಮೆರಿಕದ ಮಾನವಶಾಸ್ತ್ರಜ್ಞೆ ಹೆಲೆನ್ ಫಿಶರ್ ಮತ್ತು ಅವರ ಸಂಗಡಿಗರು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಗಷ್ಟೇ ಪ್ರೀತಿಯಲ್ಲಿ ತಿರಸ್ಕೃತರಾಗಿದ್ದ 15 ಮಂದಿಯನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಬಿಟ್ಟು ಹೋದವರ ಫೋಟೊ ತೋರಿಸಿದ್ದರು. ಕೊಕೇನ್ ಚಟಕ್ಕೆ ಬಿದ್ದವರಲ್ಲಿ ಹಂಬಲ ಕೆರಳಿದಾಗ ಮಿದುಳಿನ ಯಾವ ಭಾಗಗಳು ಚುರುಕಾಗುತ್ತವೋ, ಇವರಲ್ಲೂ ಅಂಥವೇ ಭಾಗಗಳು ಚುರುಕಾದವು. ಎಚ್ಚರವಿರುವ ಹೊತ್ತಿನಲ್ಲಿ ಶೇ. 85ಕ್ಕಿಂತ ಹೆಚ್ಚು ಸಮಯ ಆ ವ್ಯಕ್ತಿಯ ನೆನಪಿನಲ್ಲೇ ಕಳೆಯುತ್ತದೆ ಎಂದು ಅವರು ಹೇಳಿಕೊಂಡಿದ್ದರು. ಮರುವರ್ಷ ಮಿಷಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಅವರ ತಂಡ 40 ಮಂದಿಯನ್ನು ಪರೀಕ್ಷಿಸಿತು. ಎಲ್ಲರದ್ದೂ ಹಿಂದಿನ ಆರು ತಿಂಗಳೊಳಗೆ, ತಮಗೆ ಇಷ್ಟವಿಲ್ಲದೆ ಮುರಿದ ಸಂಬಂಧ. ಹಳೆಯ ಸಂಗಾತಿಯ ಫೋಟೊ ನೋಡುವಾಗಲೂ, ಮುಂಗೈಗೆ ಬಿಸಿ ಮುಟ್ಟಿಸಿದಾಗಲೂ ಮಿದುಳಿನಲ್ಲಿ ಎಚ್ಚೆತ್ತ ಜಾಗಗಳು ಒಂದರ ಮೇಲೊಂದು ಕೂತವು. ಕೆಲವು ವರ್ಷಗಳ ನಂತರ ಅದೇ ಬಳಗದ ವಿಜ್ಞಾನಿಗಳು ಇನ್ನೂ ಸೂಕ್ಷ್ಮವಾಗಿ ನೋಡಿ, ಎರಡೂ ನೋವಿನ ವಿನ್ಯಾಸಗಳು ಪೂರ್ತಿ ಒಂದೇ ಅಲ್ಲ ಎಂದು ತಿದ್ದಿದರು. ಆದರೂ ‘ಇದೆಲ್ಲ ನಾಲ್ಕು ದಿನದ ನಾಟಕ’ ಎಂದು ತಳ್ಳಿಹಾಕುವ ಹಿರಿಯರಿಗೆ ಇಷ್ಟು ಸಾಕ್ಷ್ಯ ಸಾಕು. ಫಿಶರ್ ಅವರ ಅಧ್ಯಯನದಲ್ಲಿ ಸಮಾಧಾನದ ಸಂಗತಿಯೂ ಒಂದಿತ್ತು. ತಿರಸ್ಕಾರವಾಗಿ ದಿನಗಳು ಹೆಚ್ಚಾದಂತೆಲ್ಲ, ಬಾಂಧವ್ಯಕ್ಕೆ ಸಂಬಂಧಿಸಿದ ಒಂದು ಭಾಗದ ಚಟುವಟಿಕೆ ಇಳಿಯುತ್ತ ಹೋಗಿತ್ತು.

ಇದು ನೋವಿನ ಮಾತಾಯಿತು. ತನ್ನ ಬೆಲೆಯೇ ಹೋಯಿತೆಂಬ ಭಾವನೆ ಎಲ್ಲಿಂದ ಬರುತ್ತದೆ? ಅಮೆರಿಕದ ಎರಿಕಾ ಸ್ಲಾಟರ್, ವೆಂಡಿ ಗಾರ್ಡ್ನರ್ ಮತ್ತು ಇಲೈ ಫಿಂಕೆಲ್ ಎಂಬ ಮನೋವಿಜ್ಞಾನಿಗಳು 2010ರಲ್ಲಿ ಇದನ್ನೇ ಹುಡುಕಿದರು. ಸಂಬಂಧ ಮುರಿದಾಗ ಜನರಿಗೆ ತಾವು ಯಾರೆಂಬ ಚಿತ್ರವೇ ಮಸುಕಾಗುತ್ತದೆ, ಆ ಮಸುಕು ಹೆಚ್ಚಿದಷ್ಟೂ ಸಂಕಟವೂ ಹೆಚ್ಚು ಎಂದು ಅವರಿಗೆ ಕಂಡಿತು. ಇದು ನಿತ್ಯ ಕಣ್ಣಿಗೆ ಬೀಳುವ ಸತ್ಯವೇ. ಮೂರು ವರ್ಷ ಜೊತೆಗಿದ್ದವರ ಭಾನುವಾರದ ದೋಸೆ ಹೋಟೆಲು ಒಂದೇ, ಕೇಳುವ ಹಾಡುಗಳು ಒಂದೇ. ಅವನಿಗೆ ಇಷ್ಟವಿಲ್ಲ ಎಂದು ಅವಳು ನಿಲ್ಲಿಸಿದ ಸಂಗೀತ ಪಾಠ, ಅವಳಿಗೆ ಹಿಡಿಸಲ್ಲ ಎಂದು ಅವನು ದೂರ ಮಾಡಿಕೊಂಡ ಕ್ರಿಕೆಟ್ ಗೆಳೆಯರು, ಇಬ್ಬರೂ ಸೇರಿ ಕಟ್ಟಿದ ಮುಂದಿನ ಐದು ವರ್ಷದ ಯೋಜನೆ. ಒಬ್ಬರು ಎದ್ದು ಹೋದಾಗ ಇದೆಲ್ಲವೂ ಒಟ್ಟಿಗೇ ಹೋಗುತ್ತದೆ. ಉಳಿದವರು ಭಾನುವಾರ ಬೆಳಿಗ್ಗೆ ಎದ್ದು ಏನು ತಿನ್ನಬೇಕೆಂದೇ ತೋಚದೆ ಕೂರುತ್ತಾರೆ. ಈ ಗೊಂದಲವನ್ನೇ ಅವರು ತಮ್ಮ ನಾಲಾಯಕ್ಕುತನ ಎಂದು ಓದಿಕೊಳ್ಳುತ್ತಾರೆ. ಅಲ್ಲಿ ನಿಜಕ್ಕೂ ಆಗಿರುವುದು ಗುರುತಿನ ನಷ್ಟ. ಗುರುತನ್ನು ಮತ್ತೆ ಕಟ್ಟಿಕೊಳ್ಳಬಹುದು.

ಕಟ್ಟಿಕೊಳ್ಳಲು ಬಿಡದಿರುವುದು ಮೊದಲನೆಯದಾಗಿ ಫೋನು. ಬ್ರಿಟನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದಲ್ಲಿದ್ದ ತಾರಾ ಮಾರ್ಷಲ್ 2012ರಲ್ಲಿ 464 ಮಂದಿಯನ್ನು ವಿಚಾರಿಸಿದ್ದರು. ಹಳೆಯ ಸಂಗಾತಿಯ ಫೇಸ್‌ಬುಕ್ ಪುಟವನ್ನು ಹೆಚ್ಚು ಇಣುಕುತ್ತಿದ್ದವರಲ್ಲಿ ಸಂಕಟ ಹೆಚ್ಚಿತ್ತು, ಹಂಬಲವೂ ಹೆಚ್ಚಿತ್ತು, ತಾವು ಬೆಳೆಯುತ್ತಿದ್ದೇವೆ ಎಂಬ ಭಾವನೆ ಕಡಿಮೆ ಇತ್ತು. ಇಣುಕಿದ್ದರಿಂದ ಸಂಕಟವೋ, ಸಂಕಟ ಇದ್ದದ್ದರಿಂದ ಇಣುಕಿದ್ದೋ ಎಂದು ಇಂಥ ಅಧ್ಯಯನ ಖಚಿತವಾಗಿ ಹೇಳಲಾರದು. ಆದರೆ ಗಾಯ ಕೆರೆದುಕೊಂಡರೆ ಮಾಯುವುದಿಲ್ಲ ಎನ್ನಲು ದೊಡ್ಡ ಪುರಾವೆ ಬೇಕಿಲ್ಲ. ನಂಬರ್ ಬ್ಲಾಕ್ ಮಾಡುವುದನ್ನು ಸೇಡು ಎಂದೋ ಸಣ್ಣತನ ಎಂದೋ ಭಾವಿಸಬೇಕಿಲ್ಲ. ಅದು ಪಥ್ಯ.

ಎರಡನೆಯದು, ಹತ್ತಿರದವರು ಕೊಡುವ ಬುದ್ಧಿಮಾತು. ಗೆಳೆಯರು ಹೇಳುತ್ತಾರೆ, ‘ಅವನ ಮುಂದೆ ಬೆಳೆದು ತೋರಿಸು, ಕಳಕೊಂಡದ್ದಕ್ಕೆ ಅವನೇ ಕೊರಗಬೇಕು.’ ವಿಷಯ ಹೇಗೋ ಗೊತ್ತಾದ ಮನೆಯವರು ಹೇಳುತ್ತಾರೆ, ‘ಬೇಗ ಒಂದು ಒಳ್ಳೆ ಸಂಬಂಧ ನೋಡಿ ಮುಗಿಸಿಬಿಡೋಣ.’ ಎರಡೂ ಪ್ರೀತಿಯಿಂದಲೇ ಬರುವ ಮಾತು, ಎರಡೂ ಅಪಾಯಕಾರಿ. ಮೊದಲನೆಯದರಲ್ಲಿ ಜಿಮ್ಮಿಗೆ ಹೋಗುವುದು, ಬಡ್ತಿ ಗಿಟ್ಟಿಸುವುದು, ಕಾರು ಕೊಳ್ಳುವುದು ಎಲ್ಲವೂ ಬಿಟ್ಟು ಹೋದವರ ಕಣ್ಣಿಗಾಗಿ. ಪರೀಕ್ಷೆ ಬರೆಯುವವರು ಇವರು, ಪೇಪರು ತಿದ್ದುವವರು ಇನ್ನೂ ಅವರೇ. ಎರಡನೆಯದರಲ್ಲಿ ತಿದ್ದುವ ಕೆಲಸವನ್ನು ಇನ್ನೊಬ್ಬ ಅಪರಿಚಿತರಿಗೆ ವಹಿಸಲಾಗುತ್ತದೆ. ಗಾಯ ಹಸಿಯಾಗಿರುವಾಗಲೇ ವಧುಪರೀಕ್ಷೆಗೆ ಕೂತವಳು ಉಪ್ಪಿಟ್ಟು ಕೇಸರಿಬಾತ್ ತಂದಿಟ್ಟು, ಬಂದವರು ‘ಊರಿಗೆ ಹೋಗಿ ತಿಳಿಸ್ತೀವಿ’ ಎಂದು ಎದ್ದರೆ, ಮತ್ತೊಂದು ತಿರಸ್ಕಾರಕ್ಕೆ ಅವಳು ಸಿದ್ಧಳಾಗಬೇಕು.

ಹೀಗೆ ಬೇರೆಯವರೇ ಬೆಲೆ ಕಟ್ಟುತ್ತ ಹೋದ ಮಹಾಭಾರತದ ಅಂಬೆಯ ಕತೆ ಕನ್ನಡಿಗರಿಗೆ ಹೊಸದಲ್ಲ. ಸ್ವಯಂವರದಿಂದ ಭೀಷ್ಮ ಅವಳನ್ನು ಹೊತ್ತು ತಂದ. ಮನಸ್ಸು ಸಾಲ್ವನ ಮೇಲಿದೆ ಎಂದಾಗ ಮರ್ಯಾದೆಯಿಂದಲೇ ಕಳಿಸಿಕೊಟ್ಟ. ಇನ್ನೊಬ್ಬ ಗೆದ್ದು ಒಯ್ದವಳು ತನಗೆ ಬೇಡ ಎಂದ ಸಾಲ್ವ. ಹಿಂತಿರುಗಿ ಬಂದರೆ ಹಸ್ತಿನಾವತಿಗೂ ಬೇಡವಾದಳು. ಕೊನೆಗೆ ಪರಶುರಾಮ ಅವಳ ಪರವಾಗಿ ಯುದ್ಧಕ್ಕೇ ನಿಂತ, ಅದೂ ಸೋಲು ಗೆಲುವಿಲ್ಲದೆ ನಿಂತಿತು. ಬಾಗಿಲಿಂದ ಬಾಗಿಲಿಗೆ ಅಲೆದ ಈ ರಾಜಕುಮಾರಿಯ ಬೆಲೆಯನ್ನು ಪ್ರತಿ ಬಾರಿಯೂ ನಿಶ್ಚಯಿಸಿದ್ದು ಗಂಡಸರೇ. ಉಳಿದ ಬದುಕನ್ನೂ, ಮುಂದಿನ ಜನ್ಮವನ್ನೂ ಅವಳು ಭೀಷ್ಮನ ಸಾವಿಗೆ ಮುಡಿಪಿಟ್ಟಳು. ಅವಳಿಗಾದ ಅನ್ಯಾಯ ಘೋರವಾದದ್ದು, ಅವಳ ಸಿಟ್ಟು ನ್ಯಾಯವಾದದ್ದು. ಆದರೂ ಆ ಕತೆ ಓದುವಾಗ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಮದುವೆ, ಸೇಡುಗಳಾಚೆಗೆ ಅಂಬೆಗೆ ಏನು ಬೇಕಿತ್ತು, ಅವಳಿಗೆ ಏನು ಬರುತ್ತಿತ್ತು, ಅವಳು ಯಾವುದರಲ್ಲಿ ಸಂತೋಷ ಕಾಣುತ್ತಿದ್ದಳು ಎಂದು ಆ ಕತೆಯಲ್ಲಿ ಒಬ್ಬರೂ ಕೇಳುವುದಿಲ್ಲ.

ಈ ಪ್ರಶ್ನೆಗೆ ತಾನೇ ಉತ್ತರ ಕೊಟ್ಟುಕೊಂಡ ಒಬ್ಬ ಹೆಂಗಸಿನ ಬದುಕು ಗಮನಿಸುವಂಥದ್ದು. ಅಮೆರಿಕದ ಗಾಯಕಿ ಟೀನಾ ಟರ್ನರ್ ಹುಟ್ಟಿದ್ದು 1939ರಲ್ಲಿ, ಟೆನೆಸ್ಸಿಯ ನಟ್‌ಬುಷ್ ಎಂಬ ಹಳ್ಳಿ ಕಡೆ. ಹುಟ್ಟುಹೆಸರು ಆ್ಯನಾ ಮೇ ಬುಲಕ್. ‘ಟೀನಾ ಟರ್ನರ್’ ಎಂದು ಹೆಸರಿಟ್ಟವನು ವಾದ್ಯತಂಡದ ಯಜಮಾನ ಐಕ್ ಟರ್ನರ್, ಮುಂದೆ ಗಂಡನೂ ಅವನೇ. ವರ್ಷಗಟ್ಟಲೆ ಅವನಿಂದ ಹೊಡೆತ ತಿಂದು, ಮೈಮೇಲಿನ ಬಾಸುಂಡೆ ಮುಚ್ಚಿಕೊಂಡು ವೇದಿಕೆ ಹತ್ತಿದವಳು ಆಕೆ. 1976ರ ಜುಲೈ ಆರಂಭದ ಒಂದು ರಾತ್ರಿ, ಡಲ್ಲಾಸ್ ನಗರಕ್ಕೆ ಕಾರ್ಯಕ್ರಮಕ್ಕೆ ಬಂದಿಳಿದಾಗ ದಾರಿಯಲ್ಲೇ ಹೊಡೆದಾಟವಾಯಿತು. ಐಕ್ ಹೋಟೆಲ್ ಕೋಣೆಯಲ್ಲಿ ನಿದ್ದೆ ಹೋದ ಮೇಲೆ ಟೀನಾ ಹೊರಬಿದ್ದರು. ಹೆದ್ದಾರಿ ದಾಟಿ ಎದುರಿನ ಇನ್ನೊಂದು ಹೋಟೆಲಿಗೆ ಓಡಿದಾಗ ಕೈಯಲ್ಲಿದ್ದದ್ದು 36 ಸೆಂಟು ಮತ್ತು ಪೆಟ್ರೋಲ್ ಬಂಕಿನ ಒಂದು ಕಾರ್ಡು.

1978ರಲ್ಲಿ ವಿಚ್ಛೇದನ ಮುಗಿಯಿತು. ಆಸ್ತಿ, ಹಣ ಯಾವುದಕ್ಕೂ ಟೀನಾ ಪಟ್ಟು ಹಿಡಿಯಲಿಲ್ಲ. ರದ್ದಾದ ಕಾರ್ಯಕ್ರಮಗಳ ಸಾಲವನ್ನೂ ಹೊತ್ತುಕೊಂಡರು. ಬಿಟ್ಟುಕೊಡದೆ ಉಳಿಸಿಕೊಂಡದ್ದು ವೇದಿಕೆಯ ಮೇಲಿನ ಹೆಸರನ್ನು. ಹೆಸರು ಇಟ್ಟವನು ಅವನಿರಬಹುದು, ಅದಕ್ಕೆ ಬೆವರು ಸುರಿಸಿದವಳು ತಾನು ಎಂಬ ಲೆಕ್ಕ ಆಕೆಯಲ್ಲಿ ಸ್ಪಷ್ಟವಿತ್ತು. ಆಮೇಲಿನ ವರ್ಷಗಳು ಸುಲಭದವಲ್ಲ. ಹೊಟ್ಟೆಪಾಡಿಗೆ ಸಣ್ಣಪುಟ್ಟ ಕ್ಲಬ್ಬುಗಳಲ್ಲಿ, ಟಿವಿ ಕಾರ್ಯಕ್ರಮಗಳಲ್ಲಿ ಹಾಡಿದರು. 1984ರಲ್ಲಿ ‘ಪ್ರೈವೇಟ್ ಡಾನ್ಸರ್’ ಆಲ್ಬಂ ಬಂತು. ಅದರದೊಂದು ಹಾಡು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದಾಗ ಅವರ ವಯಸ್ಸು 44. ಮರುವರ್ಷ ಗ್ರ್ಯಾಮಿ ಪ್ರಶಸ್ತಿಗಳು. ಪತ್ರಿಕೆಗಳು ಈ ಕತೆಯನ್ನು ಹೇಳುವಾಗ ಸದಾ 1984ಕ್ಕೆ ಓಡುತ್ತವೆ, ಗೆಲುವಿನ ಮೇಲೆ ಬೆಳಕು ಬೀರುತ್ತವೆ. ನಿಜಕ್ಕೂ ನೋಡಬೇಕಾದ ವರ್ಷ 1978. ಯಾರೂ ಚಪ್ಪಾಳೆ ತಟ್ಟದಿದ್ದಾಗ, ಮುಂದೇನಾಗುತ್ತದೋ ಗೊತ್ತಿಲ್ಲದಾಗ, ಒಬ್ಬ ಹೆಂಗಸು ತನ್ನದು ಯಾವುದು ಎಂದು ಹೇಳಿದ ವರ್ಷ ಅದು.

ಕರ್ನಾಟಕದಲ್ಲಿ ನಟಿ ಉಮಾಶ್ರೀ ಅವರನ್ನು ನೋಡಿ. ದಾಂಪತ್ಯ ಮುರಿದ ಮೇಲೆ ಇಬ್ಬರು ಮಕ್ಕಳನ್ನು ಒಬ್ಬರೇ ಬೆಳೆಸಿದರು. ಸಿಕ್ಕ ಪಾತ್ರ ಒಪ್ಪಿಕೊಂಡರು, ದ್ವಂದ್ವಾರ್ಥದ ಹಾಸ್ಯಕ್ಕೆ ಜನ ಅವರನ್ನು ಕಟ್ಟಿಹಾಕಿದರು. ಅದೇ ನಟಿ ದೇವನೂರ ಮಹಾದೇವರ ‘ಒಡಲಾಳ’ದ ರಂಗರೂಪದಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ, ಮುದುಕಿ ಸಾಕವ್ವನಾಗಿ ನಿಂತಾಗ ನೋಡಿದವರು ಇವರೊಳಗೆ ಎಂಥ ಕಲಾವಿದೆ ಇದ್ದಾಳೆಂದು ಬೆರಗಾದರು. ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ಚಿತ್ರಕ್ಕೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು. 2013ರಲ್ಲಿ ರಾಜ್ಯದ ಮಂತ್ರಿಯಾದರು. ಹಾಗೆಂದು ಸಂಬಂಧ ಮುರಿದುಕೊಂಡವರೆಲ್ಲ ಪ್ರಶಸ್ತಿ ಗೆಲ್ಲಬೇಕು, ಮಂತ್ರಿಯಾಗಬೇಕು ಎಂದಲ್ಲ. ಹಾಗೆ ಅರ್ಥ ಮಾಡಿಕೊಂಡರೆ ‘ಬೆಳೆದು ತೋರಿಸು’ ಎಂಬ ಹಳೆಯ ಬಲೆಗೇ ಮತ್ತೆ ಬಿದ್ದಂತೆ. ಮಕ್ಕಳ ಶಾಲೆಯ ಫೀಸು ಕಟ್ಟಿ, ಮಾರನೆಯ ದಿನದ ನಾಟಕಕ್ಕೆ ತಾಲೀಮು ಮಾಡಿದ ಅನಾಮಿಕ ಸಂಜೆಗಳಿಗೂ ಪ್ರಶಸ್ತಿಯಷ್ಟೇ ತೂಕವಿದೆ.

ಹಾಗಾದರೆ ಸಾಮಾನ್ಯ ಮನುಷ್ಯರು ಏನು ಮಾಡಬೇಕು? ಅರಿಜೋನಾ ವಿಶ್ವವಿದ್ಯಾಲಯದ ಡೇವಿಡ್ ಸ್ಬಾರಾ ಅವರ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಕೆಲಸಕ್ಕೆ ಬರುತ್ತದೆ. ಆಗಷ್ಟೇ ದಾಂಪತ್ಯದಿಂದ ಬೇರೆಯಾಗಿದ್ದ 105 ಮಂದಿಯನ್ನು ಕೂರಿಸಿ, ಹಳೆಯ ಸಂಗಾತಿಯನ್ನು ಅರ್ಧ ನಿಮಿಷ ನೆನೆಸಿಕೊಳ್ಳಲು ಹೇಳಿದರು. ನಂತರ ನಾಲ್ಕು ನಿಮಿಷ, ಬಾಯಿಗೆ ಬಂದದ್ದನ್ನು ಬಂದಂತೆ ಮಾತಾಡಲು ಬಿಟ್ಟು ಧ್ವನಿಮುದ್ರಿಸಿಕೊಂಡರು. ಆ ಮಾತುಗಳಲ್ಲಿ ಪ್ರತಿಯೊಬ್ಬರೂ ತಮ್ಮ ಬಗ್ಗೆ ಎಷ್ಟು ಕರುಣೆಯಿಂದಿದ್ದಾರೆ ಎಂದು ಬೇರೆಯವರು ಕೇಳಿ ಅಳೆದರು. ತಮ್ಮನ್ನು ತಾವು ಮೃದುವಾಗಿ ಕಂಡವರಲ್ಲಿ ಸಂಕಟ ಮೊದಲಿಂದಲೂ ಕಡಿಮೆ ಇತ್ತು, ಒಂಬತ್ತು ತಿಂಗಳ ತನಕ ನೋಡಿದಾಗಲೂ ಹಾಗೆಯೇ ಇತ್ತು. ಇಲ್ಲಿ ಕರುಣೆ ಎಂದರೆ ‘ನಾನೇ ಸರಿ, ಅವನೇ ಕೆಟ್ಟವನು’ ಎಂಬ ಜಂಬವೂ ಅಲ್ಲ, ‘ನನ್ನ ಹಣೆಬರಹ’ ಎಂಬ ಗೋಳೂ ಅಲ್ಲ. ತಪ್ಪು ತನ್ನದಿದ್ದರೆ ಒಪ್ಪಿಕೊಳ್ಳುವುದು, ಇಂಥದ್ದು ಮನುಷ್ಯರಿಗೆಲ್ಲ ಆಗುತ್ತದೆ ಎಂದು ತಿಳಿಯುವುದು, ಇದೇ ನೋವಿನಲ್ಲಿರುವ ತಂಗಿಗೋ ಗೆಳತಿಗೋ ಆಡುತ್ತಿದ್ದ ಮಾತನ್ನೇ ತನಗೂ ಆಡಿಕೊಳ್ಳುವುದು. ತಂಗಿ ಅಳುತ್ತ ಕೂತಿದ್ದರೆ ಯಾವ ಅಕ್ಕನೂ ‘ನೀನು ಕಪ್ಪಗಿದ್ದೀಯಾ, ದಪ್ಪಗಿದ್ದೀಯಾ, ಅದಕ್ಕೇ ಬಿಟ್ಟ’ ಎನ್ನುವುದಿಲ್ಲ. ತನಗೆ ತಾನೇ ಮಾತ್ರ ರಾತ್ರಿಯಿಡೀ ಹಾಗೆ ಹೇಳಿಕೊಳ್ಳುತ್ತಾಳೆ.

ಸ್ಬಾರಾ ತಂಡದ ಮರುವರ್ಷದ ಇನ್ನೊಂದು ಅಧ್ಯಯನ ಇನ್ನೂ ಕುತೂಹಲದ್ದು. ಮನದ ನೋವನ್ನೆಲ್ಲ ಬರೆದು ಹೊರಹಾಕಿದರೆ ಹಗುರಾಗುತ್ತದೆ ಎಂಬ ನಂಬಿಕೆ ಇದೆಯಲ್ಲ, ಅದು ಎಲ್ಲರಿಗೂ ಹೊಂದುವುದಿಲ್ಲ ಎಂದು ಅಲ್ಲಿ ಕಂಡಿತು. ‘ಯಾಕೆ ಹೀಗಾಯಿತು’ ಎಂದು ಮೊದಲೇ ಮೆಲುಕು ಹಾಕುವ ಸ್ವಭಾವದವರು ಆಳವಾದ ಭಾವನೆಗಳನ್ನು ಬರೆದಾಗ ಅವರ ಚೇತರಿಕೆ ನಿಧಾನವಾಯಿತು. ಇವತ್ತು ಏನು ಮಾಡಿದೆ, ನಾಳೆ ಏನು ಮಾಡುತ್ತೇನೆ ಎಂದು ಬರೀ ದಿನಚರಿ ಬರೆದವರು ಅವರಿಗಿಂತ ಚೆನ್ನಾಗಿದ್ದರು. ಕಾರಣ ಹುಡುಕುತ್ತ ಕೂರುವುದಕ್ಕಿಂತ, ನಿಂತುಹೋದ ಸಂಗೀತ ಪಾಠಕ್ಕೆ ಮತ್ತೆ ಸೇರುವುದು, ದೂರವಾದ ಗೆಳೆಯನಿಗೆ ಫೋನ್ ಮಾಡುವುದು, ಭಾನುವಾರ ತನಗಿಷ್ಟವಾದ ಹೋಟೆಲಿನಲ್ಲಿ ತನಗಿಷ್ಟವಾದದ್ದನ್ನು ತಿನ್ನುವುದು ಹೆಚ್ಚು ಫಲ ಕೊಡುತ್ತದೆ. ಇವು ಸಣ್ಣ ಕೆಲಸಗಳಂತೆ ಕಾಣುತ್ತವೆ. ತಾನು ಯಾರೆಂಬುದು ಇಂಥ ಕೆಲಸಗಳಿಂದಲೇ ಒಂದೊಂದಾಗಿ ತಿರುಗಿ ಬರುತ್ತದೆ.

ಇದುವರೆಗಿನ ಉದಾಹರಣೆಗಳು ಬಹುಪಾಲು ಹೆಂಗಸರದ್ದೇ ಆದವು. ಗಂಡುಹುಡುಗರ ಸ್ಥಿತಿ ಇನ್ನೂ ಕಷ್ಟದ್ದು, ಯಾಕೆಂದರೆ ಅವರಿಗೆ ಅಳಲೂ ಕಲಿಸಿಲ್ಲ. ‘ಲವ್ ಫೇಲ್ಯೂರ್ ಮಗಾ’ ಎಂದು ಗೆಳೆಯರು ಬಾರಿಗೆ ಕರೆದೊಯ್ಯುತ್ತಾರೆ. ಗಡ್ಡ ಬಿಟ್ಟು ಕುಡಿದು ತಿರುಗುವವನನ್ನು ಸಿನಿಮಾಗಳು ಬಹಳ ಕಾಲದಿಂದ ನಾಯಕನನ್ನಾಗಿ ಮಾಡಿವೆ. ‘ಬೇಡ’ ಎಂಬ ಮಾತನ್ನು ತನ್ನ ಗಂಡಸುತನಕ್ಕಾದ ಅವಮಾನ ಎಂದು ತಿಳಿದವನ ಕೈ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕರ್ನಾಟಕ 2024ರಲ್ಲಿ ಕಂಡಿತು. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ ಒಬ್ಬ ವಿದ್ಯಾರ್ಥಿನಿಯ ಕೊಲೆಯಾಯಿತು. ತಿಂಗಳು ಕಳೆಯುವುದರೊಳಗೆ ಅದೇ ಊರಲ್ಲಿ ಇನ್ನೊಬ್ಬ ಯುವತಿಯನ್ನು ಮನೆಗೇ ನುಗ್ಗಿ ಕೊಲ್ಲಲಾಯಿತು. ತನ್ನ ಬೆಲೆಯನ್ನು ಒಬ್ಬ ಹುಡುಗಿಯ ‘ಹೂಂ’ ಎಂಬ ಒಂದು ಮಾತಿಗೆ ನೇತುಹಾಕಿಕೊಂಡ ಗಂಡಸು ತನಗೂ ಅಪಾಯ, ಅವಳಿಗೂ ಅಪಾಯ. ತಿರಸ್ಕಾರವನ್ನು ಮರ್ಯಾದೆಯಿಂದ ಹೊರುವುದನ್ನು ಮನೆಯಲ್ಲಿ, ಶಾಲೆಯಲ್ಲಿ ಗಂಡುಮಕ್ಕಳಿಗೆ ಹೇಳಿಕೊಡಲೇಬೇಕು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಅದರಲ್ಲಿ ಶೇ. 4.5ರಷ್ಟು ಸಾವುಗಳನ್ನು ಪ್ರೇಮಪ್ರಕರಣಗಳ ಲೆಕ್ಕಕ್ಕೆ ಹಾಕಲಾಗಿದೆ, ಮದುವೆ ಸಂಬಂಧಿ ಕಾರಣಗಳು ಶೇ. 4.8. ಒಂದು ಸಾವಿಗೆ ಒಂದೇ ಕಾರಣ ಇರುವುದು ಅಪರೂಪ, ಪೊಲೀಸ್ ದಾಖಲೆಯ ಕಲಂಗಳಿಗೆ ಸಿಗದ ಕಾರಣಗಳು ಬಹಳ. ಆದರೂ ಸಾವಿರಾರು ಮನೆಗಳ ಮಾತು ಇದು. ಸತ್ತವರಲ್ಲಿ ಹತ್ತಕ್ಕೆ ಏಳಕ್ಕಿಂತ ಹೆಚ್ಚು ಮಂದಿ ಗಂಡಸರು ಎಂಬುದನ್ನೂ ಅದೇ ವರದಿ ಹೇಳುತ್ತದೆ.

ಅದಕ್ಕೇ ಈ ಮಾತು ಮೊದಲು ತಂದೆತಾಯಂದಿರಿಗೆ. ಮಗಳು ಸೊರಗಿ ಬಂದರೆ, ಮಗ ಊಟ ಬಿಟ್ಟು ಕೋಣೆ ಸೇರಿದರೆ, ‘ಯಾರು, ಯಾವ ಜಾತಿ, ಎಷ್ಟು ದಿನದಿಂದ’ ಎಂಬ ವಿಚಾರಣೆ ಆಮೇಲಿರಲಿ. ಪಕ್ಕದಲ್ಲಿ ಕೂತು, ‘ಏನೇ ಆಗಿರಲಿ, ಹೇಳು, ಬೈಯಲ್ಲ’ ಎಂದು ಒಂದು ಮಾತು ಹೇಳಿ, ಆ ಮಾತಿಗೆ ತಪ್ಪದಿರಿ. ಪಾಠ ಮಾಡುವವರು, ಪಿಜಿಯಲ್ಲಿ ಜೊತೆಗಿರುವವರು ಕೂಡ ‘ಮರೆತುಬಿಡು’ ಎನ್ನುವ ಮುಂಚೆ ಹತ್ತು ನಿಮಿಷ ಕೇಳಿಸಿಕೊಳ್ಳಿ. ಮುರಿದ ಸಂಬಂಧದ ನಡುವೆಯೇ ಇದನ್ನು ಓದುತ್ತಿರುವವರು, ರಾತ್ರಿ ತೀರಾ ಕಷ್ಟವಾದರೆ, ಬದುಕೇ ಬೇಡವೆನಿಸಿದರೆ, 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ, ಬೆಂಗಳೂರಿನ ನಿಮ್ಹಾನ್ಸ್ ಮುಂದೆ ನಿಂತು ಮಾರ್ಗದರ್ಶನ ಮಾಡುವ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.